ಕವಿಚರ್ಯೆಯ ವಿಚಾರ

ಒಳ್ಳೆಯ ಕೃತಿಯೊಂದನ್ನು ಜೀವಮಾನದಲ್ಲಿ ಒಮ್ಮೆ ರಚಿಸುವುದು ಬೇರೆ, ವರ್ಷವರ್ಷವೂ ದಶಕದಶಕವೂ ಒಳ್ಳೆಯದನ್ನೇ ರಚಿಸುತ್ತ ಬಾಳುವುದು ಬೇರೆ. ಮೊದಲನೆಯದು ಒಂದು ಶುಭಗಳಿಗೆಯ ಪ್ರಸಾದವಾಗಿದ್ದೀತು. ಅದರ ಕಾರಣವನ್ನು ಹುಡುಕಹೊರಟವನು ಬರಿಗೈಯಲ್ಲಿ ಹಿಂದಿರುಗಿದರೆ ಆಶ್ಚರ್ಯವಿಲ್ಲ. ಎರಡನೆಯದರ ವಿಷಯ ಹಾಗಲ್ಲ. ಕವಿಯಾಗಲಿ, ಗಾಯಕನಾಗಲಿ, ಶಿಲ್ಪಿಯಾಗಲಿ ಮೂವತ್ತು ನಲವತ್ತು ವರ್ಷಗಳ ಕಾಲ ತನ್ನ ಕೆಲಸದ ಮಟ್ಟವನ್ನು ಇಳಿಯಗೊಡದೆ ಕಾಯ್ದುಕೊಂಡನೆಂದರೆ, ಆ ಬಾಳಿನ ಹಿಂದೆ ಒಂದು ಏರ್ಪಾಡು ಇದ್ದಿರಲೇಬೇಕು: ಏಳುವ ಹೊತ್ತು, ಕೂರುವ ತಾವು, ಕೈಗೆ ಪಳಗಿದ ಸಲಕರಣೆ, ಕಿವಿಗೊಡುವ ಸ್ನೇಹಿತರು, ಅಡ್ಡಬಾರದ ಮನೆ. ಈ ಏರ್ಪಾಡಿನಲ್ಲಿ ಅವಶ್ಯವಾದುದೆಷ್ಟು, ಅಲಂಕಾರವೆಷ್ಟು, ಅದು ಯತ್ನದಿಂದ ಎಲ್ಲರಿಗೂ ದೊರೆಯತಕ್ಕದ್ದೋ ಕೆಲವರ ಭಾಗ್ಯವೋ ಎಂಬ ಪ್ರಶ್ನೆಗಳನ್ನು ನಮ್ಮ ಪೂರ್ವಿಕರು ಸಾವಿರ ವರ್ಷಗಳ ಹಿಂದೆಯೇ ಕೇಳಿಕೊಂಡಿದ್ದರು. ನಮ್ಮ ಕಾಲದ ಮನಶ್ಶಾಸ್ತ್ರಜ್ಞರೂ ಕೇಳಿಕೊಳ್ಳುತ್ತಿದ್ದಾರೆ. ಅವರಿವರು ಕಂಡುಕೊಂಡುದನ್ನು ಒಂದೆಡೆಗೆ ತಂದು, ಕನ್ನಡ ನಾಡಿನ ಬಾಳುಗಳ ಒರೆಗಲ್ಲಿನಮೇಲೆ ತಿಕ್ಕಿ ನೋಡುವುದು ಈ ಲೇಖನದ ಉದ್ದೇಶ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಈ ಪ್ರಶ್ನೆಯು ಕಾವ್ಯಹೇತು ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ದಂಡಿಯು ಹುಟ್ಟಿನಿಂದ ಬಂದ ಪ್ರತಿಭೆ, ನಿರ್ಮಲವಾದ ಪಾಂಡಿತ್ಯ, ಎಡೆಬಿಡದ ಪರಿಶ್ರಮ ಎಂಬ ಮೂರನ್ನು ಕಾವ್ಯಸಂಪತ್ತಿಗೆ ಕಾರಣವೆಂದು ಎಣಿಸಿ, ಅಷ್ಟಕ್ಕೇ ನಿಲ್ಲದೆ, ಅದ್ಭುತವಾದ ಪ್ರತಿಭೆಯಿಲ್ಲದವನೂ ಅಧ್ಯಯನದಿಂದಲೂ ಯತ್ನದಿಂದಲೂ ವಾಗ್ದೇವಿಯನ್ನು ಉಪಾಸಿಸಿದರೆ ಆಕೆ ಏನಾದರೊಂದು ಅನುಗ್ರಹವನ್ನು ಮಾಡಿಯೇ ಮಾಡುವಳೆಂದು ಧೈರ್ಯ ಹೇಳಿದ್ದಾನೆ. ಮಮ್ಮಟನಾದರೋ ಶಕ್ತಿ, ನಿಪುಣತೆ, ಅಭ್ಯಾಸಗಳು ಬಿಡಿಬಿಡಿಯಾದ ಮೂರು ಕಾರಣಗಳಲ್ಲವೆಂದೂ ಮೂರೂ ಕೂಡಿಯೇ ಒಂದು ಕಾರಣವಾಗುವುದೆಂದೂ ಸಾಧಿಸುತ್ತಾನೆ. ಆದರೆ ಈ ಮಹನೀಯರು ಅಭ್ಯಾಸವೆಂಬ ಮಾತನ್ನು ಆಡಿದರೇ ಹೊರತು, ಅಭ್ಯಾಸಿಯು ಬೆಳಗ್ಗೆ ಎದ್ದು ಏನು ಮಾಡಬೇಕು, ಎಲ್ಲಿ ಕೂರಬೇಕು, ಬರೆದುದನ್ನು ಯಾರಿಗೆ ಓದಿಹೇಳಬೇಕು ಎಂಬ ವಿವರಕ್ಕೆ ಇಳಿಯಲಿಲ್ಲ. ಇಳಿದವನು ರಾಜಶೇಖರ. ಕನ್ಯಾಕುಬ್ಜದ ಪ್ರತೀಹಾರ ರಾಜರ ಆಸ್ಥಾನದಲ್ಲಿದ್ದು, ನಮ್ಮಲ್ಲಿ ಕವಿರಾಜಮಾರ್ಗವು ಹುಟ್ಟಿದ ಅರ್ಧ ಶತಮಾನದ ಆಚೆಗೆ 'ಕಾವ್ಯಮೀಮಾಂಸೆ'ಯನ್ನು ಬರೆದ ಈ ವಿದ್ವಾಂಸನು, ಅದರ ಹತ್ತನೆಯ ಅಧ್ಯಾಯದ ಬಹುಭಾಗವನ್ನು ಕವಿಚರ್ಯೆಗೆ, ಎಂದರೆ ಕವಿಯ ದಿನಚರಿಗೆ, ಮೀಸಲಿಟ್ಟು, ಈ ಕುರಿತು ನಾನು ಓದಿರುವ ಎಲ್ಲಾ ಬರಹಗಳಲ್ಲಿ ಅತ್ಯಂತ ವಿವರವಾದ ಚಿತ್ರವನ್ನು ನಮಗೆ ಕೊಟ್ಟಿದ್ದಾನೆ.

ಹೊತ್ತುಗೊತ್ತಿಲ್ಲದೆ ಕೈಕೊಂಡ ಕೆಲಸಗಳು ಚೆಲ್ಲಾಪಿಲ್ಲಿಯಾಗುವುವು; ಆದಕಾರಣ ಹಗಲನ್ನು ನಾಲ್ಕು ಜಾವಗಳಾಗಿ, ಇರುಳನ್ನು ನಾಲ್ಕು ಜಾವಗಳಾಗಿ ಹಂಚಿಕೊಳ್ಳಬೇಕೆಂಬುದು ಅವನ ಮೊದಲ ವಿಧಿ. ಬೆಳಗ್ಗೆ ಸಂಧ್ಯೋಪಾಸನೆಯಾದಮೇಲೆ ಸರಸ್ವತಿಯನ್ನು ಸ್ತುತಿಸಿ, ಓದುವ ಕೋಣೆಯಲ್ಲಿ ಸುಖವಾಗಿ ಕುಳಿತು, ಮೊದಲ ಜಾವವನ್ನೆಲ್ಲ ಅಧ್ಯಯನಕ್ಕೆ ಕೊಡತಕ್ಕದ್ದು. ರಚನೆಗೆ ಎರಡನೆಯ ಜಾವ. ನಡುಹಗಲಿನಲ್ಲಿ ಸ್ನಾನಭೋಜನಗಳು; ಮೂರನೆಯದರಲ್ಲಿ ಕಾವ್ಯಗೋಷ್ಠಿ. ನಾಲ್ಕನೆಯ ಜಾವದಲ್ಲಿ, ಒಬ್ಬನೇ ಆಗಲಿ ಮಿತವಾದ ಕೆಲವರೊಡನೆಯಾಗಲಿ ಕುಳಿತು, ಬೆಳಗ್ಗೆ ಬರೆದುದನ್ನು ಪರೀಕ್ಷಿಸಬೇಕು. ಏಕೆಂದರೆ, ರಸಾವೇಶದಲ್ಲಿ ರಚಿಸುತ್ತಿರುವವನಿಗೆ ವಿವೇಚಿಸುವ ಕಣ್ಣು ಇರುವುದಿಲ್ಲ. ಹೆಚ್ಚಾದುದನ್ನು ಕಳೆದು, ಕೊರೆಯಾದುದನ್ನು ತುಂಬಿ, ಸ್ಥಳ ತಪ್ಪಿದುದನ್ನು ಸರಿಪಡಿಸಿ, ಮರೆತುದನ್ನು ನೆನೆದು, ಸಂಜೆಯ ಬಳಿಕ ಆ ತಿದ್ದಿದ ಪಾಠವನ್ನು ಅಂದವಾಗಿ ಬರೆದಿಟ್ಟು, ಇರುಳಿನ ನಡುವಣ ಎರಡು ಜಾವ ಚೆನ್ನಾಗಿ ನಿದ್ರಿಸಿ, ಮನಸ್ಸು ತಿಳಿಯಾಗಿರುವ ಬ್ರಾಹ್ಮೀ ಮುಹೂರ್ತದಲ್ಲಿ ಮತ್ತೆ ಏಳತಕ್ಕದ್ದು. ಬರೆಯುವ ಹೊತ್ತನ್ನೂ ತಿದ್ದುವ ಹೊತ್ತನ್ನೂ ಈತ ಬೇರೆಬೇರೆಯಾಗಿಟ್ಟಿರುವುದನ್ನೂ, ಓದಿಗೆ ರಚನೆಯಷ್ಟೇ ಕಾಲವನ್ನು ಕೊಟ್ಟಿರುವುದನ್ನೂ, ನಿದ್ರೆಯನ್ನು ಶಾಸ್ತ್ರದೊಳಕ್ಕೆ ಸೇರಿಸಿರುವುದನ್ನೂ ಗಮನಿಸಿದಾಗ, ಇದು ಆಸ್ಥಾನ ಪಂಡಿತನೊಬ್ಬನ ಕಲ್ಪನೆಯಲ್ಲ, ಕೆಲಸಮಾಡಿ ಕಂಡುಕೊಂಡವನ ಮಾತೆಂದು ಗೊತ್ತಾಗುತ್ತದೆ.

ಅವನು ವರ್ಣಿಸುವ ಕವಿಯ ಮನೆ ಮಾತ್ರ ಬಡವರಿಗೆ ಎಟುಕುವಂಥದಲ್ಲ. ಆರು ಋತುಗಳಿಗೂ ಹೊಂದುವ ಎಡೆಗಳು, ಮರಗಳ ತೋಟ, ಕ್ರೀಡಾಪರ್ವತ, ಕೊಳ, ನವಿಲು, ಮಾತು ಬಲ್ಲ ಪರಿಚಾರಕರು, ಇವೆಲ್ಲ ಅಲ್ಲಿವೆ. ಜೊತೆಗೆ ಸದಾ ಹತ್ತಿರವಿರಬೇಕಾದ ಸಲಕರಣೆಗಳ ಪಟ್ಟಿಯುಂಟು: ಪೆಟ್ಟಿಗೆ, ಹಲಗೆ ಬಳಪ, ಲೇಖನಿ ಮಸಿಕುಡಿಕೆ, ತಾಳೆಗರಿ ಭೂರ್ಜತ್ವಕ್ಕುಗಳು, ಕಬ್ಬಿಣದ ಕಂಟ, ಬರೆಯಲು ಚೆನ್ನಾಗಿ ನಯಗೊಳಿಸಿದ ಗೋಡೆ. ಇಷ್ಟನ್ನೂ ಹೇಳಿ, ಕಾವ್ಯವಿದ್ಯೆಗೆ ಇವು ಪರಿಕರವೆಂಬುದು ಕೆಲವರ ಮತವೆಂದೂ, ತನ್ನ ಮತದಲ್ಲಿ ಪ್ರತಿಭೆಯೇ ನಿಜವಾದ ಪರಿಕರವೆಂದೂ ಅವನು ತೀರ್ಪುಕೊಟ್ಟುಬಿಡುತ್ತಾನೆ. ಅದೇ ಅಧ್ಯಾಯದಲ್ಲಿ ಕವಿತ್ವಕ್ಕೆ ಎಂಟು ಮಂದಿ ತಾಯಂದಿರುಂಟೆಂಬ ಮಾತು ಬರುತ್ತದೆ: ಸ್ವಾಸ್ಥ್ಯ, ಪ್ರತಿಭೆ, ಅಭ್ಯಾಸ, ಭಕ್ತಿ, ವಿದ್ವಾಂಸರೊಡನೆ ಮಾತುಕತೆ, ಬಹುಶ್ರುತತೆ, ನೆನಪಿನ ದಾರ್ಢ್ಯ, ಕಟ್ಟಕಡೆಗೆ ಅನಿರ್ವೇದ. ನಿರ್ವೇದವೆಂದರೆ ಮನಗುಂದುವಿಕೆ, ಬೇಸತ್ತು ಕೈಬಿಡುವಿಕೆ. ಅನಿರ್ವೇದವೆಂದರೆ ಹಾಗೆ ಕುಂದದಿರುವಿಕೆ. ಈ ಎಂಟನೆಯ ತಾಯಿಯ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ನಾನು ಕೊನೆಯಲ್ಲಿ ಹೇಳಬೇಕಾದುದೆಲ್ಲ ಆಕೆಯನ್ನೇ ಆಶ್ರಯಿಸಿದೆ.

ಮೊದಲು ಕಾಲದ ವಿಚಾರ. ರಾಜಶೇಖರನು ಹೊತ್ತಿನ ದೃಷ್ಟಿಯಿಂದ ಕವಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ಒಳಕೋಣೆಯನ್ನು ಹೊಕ್ಕು ಬಿಸಿಲನ್ನೇ ಕಾಣದೆ ಏಕನಿಷ್ಠೆಯಿಂದ ಬರೆಯುವವನು ಒಬ್ಬ. ಮನಸ್ಸು ಬಂದಾಗ ಕುಳಿತು ಬರೆಯುವವನು ಇನ್ನೊಬ್ಬ. ಸಂದರ್ಭಕ್ಕಾಗಿ ಬರೆಯುವವನು ಮತ್ತೊಬ್ಬ. ಇವರ ನಡುವೆ 'ದತ್ತಾವಸರ', ಎಂದರೆ ಸೇವಾದಿ ಕಾರ್ಯಗಳಿಗೆ ಭಂಗಬಾರದಂತೆ ಬಿಡುವು ಮಾಡಿಕೊಂಡು ಬರೆಯುವವನು. ಆಧುನಿಕ ಕನ್ನಡ ಸಾಹಿತ್ಯವನ್ನು ಕಟ್ಟಿದವರಲ್ಲಿ ಹೆಚ್ಚಿನವರು ದತ್ತಾವಸರರೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮೈಸೂರು ಸಿವಿಲ್ ಸರ್ವಿಸನ್ನು ಸೇರಿ, ಊರಿಂದೂರಿಗೆ ವರ್ಗವಾಗುತ್ತ, ಕಂದಾಯದ ಕಡತಗಳ ನಡುವೆಯೇ ಕನ್ನಡದ ಸಣ್ಣಕತೆಗೆ ಅಡಿಪಾಯ ಹಾಕಿದರು. 1943ರಲ್ಲಿ ನಿವೃತ್ತರಾದ ಬಳಿಕ ಎರಡು ದಶಕಗಳ ಕಾಲ 'ಜೀವನ' ಮಾಸಪತ್ರಿಕೆಯನ್ನು ನಡೆಸಿದರು. 'ಚಿಕವೀರ ರಾಜೇಂದ್ರ' ಅಚ್ಚಾದಾಗ ಅವರಿಗೆ ಅರುವತ್ತೈದು ವರ್ಷ. ಪು.ತಿ.ನರಸಿಂಹಾಚಾರ್ಯರು ಸಂಸ್ಥಾನದ ಸೇನಾ ಕಚೇರಿಯಲ್ಲಿ ನೌಕರಿ ಮಾಡುತ್ತಲೇ 'ಗೋಕುಲ ನಿರ್ಗಮನ'ವನ್ನು ಬರೆದರು. ಇವರಿಗಿಂತ ಹಿಂದೆ, ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ಅಂಗಸಾಧನೆ ಕಲಿಸುತ್ತಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪನು, ಬಡತನ ಕ್ಷಯಗಳು ಎರಡು ಕಡೆಯಿಂದಲೂ ಒತ್ತುತ್ತಿರಲಾಗಿ, ಮುದ್ದಣನೆಂಬ ಹೆಸರಿನಲ್ಲಿ 'ರಾಮಾಶ್ವಮೇಧ'ವನ್ನು ರಚಿಸಿ, 1901ರಲ್ಲಿ ಮೂವತ್ತೊಂದರ ಹರೆಯದಲ್ಲೇ ಕಣ್ಮುಚ್ಚಿದನು. ಬಿಡುವೇ ಇಲ್ಲವೆಂದು ನಾವು ಹೇಳುವಾಗ ಈ ಹೆಸರುಗಳು ನಮ್ಮೆದುರು ನಿಲ್ಲುತ್ತವೆ.

ಅತ್ತ ಇಂಗ್ಲೆಂಡಿನಲ್ಲಿ ಅಂಚೆ ಇಲಾಖೆಯ ಅಧಿಕಾರಿಯಾಗಿದ್ದ ಆಂಟನಿ ಟ್ರೊಲೊಪ್ ನಲವತ್ತೇಳು ಕಾದಂಬರಿಗಳನ್ನು ಬರೆದುದು ಹೇಗೆಂಬುದನ್ನು ಅವನ ಆತ್ಮಕಥೆ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಇರತಕ್ಕದ್ದೆಂಬ ನಿಯಮ, ಎಬ್ಬಿಸಿ ಕಾಫಿ ಕೊಡುವುದಕ್ಕೆಂದು ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿನ ಸಂಬಳ, ಮುಂದೆ ಗಡಿಯಾರ, ಕಾಲುಗಂಟೆಗೆ ಇನ್ನೂರೈವತ್ತು ಪದ. ಆ ಪುಸ್ತಕ 1883ರಲ್ಲಿ, ಅವನು ತೀರಿಕೊಂಡ ಮರುವರ್ಷ, ಹೊರಬಂದಾಗ ರಸಿಕರನೇಕರು ಬೇಸರಪಟ್ಟುಕೊಂಡರು. ಕಲೆಯನ್ನು ಕೂಲಿಯಂತೆ ಅಳೆದನಲ್ಲಾ ಎಂದು ಅವನ ಕೀರ್ತಿಯೂ ಕೆಲಕಾಲ ಮಂಕಾಯಿತು. ಇದಕ್ಕೆ ಎದುರಾಗಿ ನಮ್ಮ ಪಂಪನನ್ನು ನಿಲ್ಲಿಸಬಹುದು. 941ರಲ್ಲಿ ಮುಗಿದ 'ವಿಕ್ರಮಾರ್ಜುನ ವಿಜಯ'ಕ್ಕೆ ಆರು ತಿಂಗಳು, 'ಆದಿಪುರಾಣ'ಕ್ಕೆ ಮೂರು ತಿಂಗಳು ಹಿಡಿಯಿತೆಂದು ಕವಿಯೇ ಹೇಳಿಕೊಂಡಿದ್ದಾನೆ. ಕುವೆಂಪು ಅವರಿಗಾದರೋ, ಕಾಲೇಜಿನ ಅಧ್ಯಾಪನದ ಜೊತೆಜೊತೆಗೇ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಸಾಲುಗಳನ್ನು ಪೂರೈಸಲು ಒಂಬತ್ತು ಹತ್ತು ವರ್ಷ ಬೇಕಾಯಿತು. ಆರು ತಿಂಗಳೂ ಹತ್ತು ವರ್ಷವೂ ಮಹಾಕಾವ್ಯವನ್ನು ಕೊಟ್ಟಿರುವುದರಿಂದ, ರಚನೆಯ ವೇಗವನ್ನು ನೋಡಿ ಗುಣವನ್ನು ಅಳೆಯಲಾಗದು. ಪಂಪನ ಆರು ತಿಂಗಳ ಬೆನ್ನಿಗೆ ಮೂವತ್ತೊಂಬತ್ತು ವರ್ಷಗಳ ಓದೂ ಲೋಕಾನುಭವವೂ ಇದ್ದುವೆಂಬುದನ್ನು ಮರೆಯಲಾಗದು.

ಹೊತ್ತಿನ ವಿಷಯವಾಗಿ ಇತ್ತೀಚಿನ ಶಾಸ್ತ್ರ ಏನನ್ನುತ್ತದೆ? 1993ರಲ್ಲಿ ಮನಶ್ಶಾಸ್ತ್ರಜ್ಞ ಎರಿಕ್‌ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಸಂಗೀತಶಾಲೆಯ ಪಿಟೀಲು ವಿದ್ಯಾರ್ಥಿಗಳ ದಿನಚರಿಯನ್ನು ಪರಿಶೀಲಿಸಿ ಪ್ರಕಟಿಸಿದ ಲೇಖನದಲ್ಲಿ, ಮೇಲ್ಮಟ್ಟದವರು ಏಕಾಂತ ಸಾಧನೆಯನ್ನು ಹೆಚ್ಚಾಗಿ ಪೂರ್ವಾಹ್ಣದಲ್ಲಿ ಇಟ್ಟುಕೊಂಡಿದ್ದರೆಂದೂ, ನಡುನಡುವೆ ವಿಶ್ರಾಂತಿ ಪಡೆಯುತ್ತಿದ್ದರೆಂದೂ, ಹಗಲಿನಲ್ಲಿಯೂ ಒಂದಿಷ್ಟು ನಿದ್ರಿಸುತ್ತಿದ್ದರೆಂದೂ ಕಾಣುತ್ತದೆ. ರಾಜಶೇಖರನು ಇದನ್ನು ಓದಿದ್ದರೆ ಸಂತೋಷಪಡುತ್ತಿದ್ದನು. ಲಂಡನ್ನಿನಲ್ಲಿ ಲ್ಯಾಲಿ ಮತ್ತು ಸಂಗಡಿಗರು ತೊಂಬತ್ತಾರು ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಸಂಶೋಧನೆ, ಊಟ ತಿಂಡಿ ವ್ಯಾಯಾಮಗಳಂಥ ಸರಳ ಕ್ರಿಯೆಯೊಂದು ತಾನೇ ತಾನಾಗಿ ನಡೆಯುವ ಅಭ್ಯಾಸವಾಗಲು ಸರಾಸರಿ 66 ದಿನ ಹಿಡಿಯಿತೆಂದೂ, ಒಬ್ಬೊಬ್ಬರ ಲೆಕ್ಕದಲ್ಲಿ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಯಿತೆಂದೂ ತೋರಿಸಿತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಅದರಲ್ಲಿದೆ: ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ವ್ರತವನ್ನು ಹಿಡಿದು, ಒಂದು ದಿನ ಭಂಗವಾದೊಡನೆ ಎಲ್ಲವೂ ಕೆಟ್ಟಿತೆಂದು ಕೈಬಿಡುವ ಎಷ್ಟೋ ಜನರಿಗೆ ಈ ಮಾತು ಸಂಜೀವಿನಿ. ಯಾವ ಹೊತ್ತು ಎಂಬುದು ಅವರವರ ದೇಹಪ್ರಕೃತಿಗೆ ಬಿಟ್ಟದ್ದು. ಗೊತ್ತಾದ ಒಂದು ಹೊತ್ತು ಇರಬೇಕೆಂಬುದು ಮಾತ್ರ ಎಲ್ಲ ಸಾಕ್ಷ್ಯಗಳೂ ಒಪ್ಪುವ ಮಾತು.

ಎರಡನೆಯದು ಸ್ಥಳ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಒಂದು ಕಂಬವನ್ನು ತೋರಿಸಿ, ಕುಮಾರವ್ಯಾಸನು ಮಿಂದು ಒದ್ದೆಬಟ್ಟೆಯಲ್ಲಿ ಬಂದು ಇದರಡಿಯಲ್ಲಿ ಕೂರುತ್ತಿದ್ದನೆಂದೂ, ಬಟ್ಟೆ ಆರುವವರೆಗೆ ಮಾತ್ರ ಅವನಿಗೆ ಕಾವ್ಯ ಒದಗುತ್ತಿತ್ತೆಂದೂ ಜನ ಹೇಳುತ್ತಾರೆ. ಇದು ಐತಿಹ್ಯ, ಆದರೆ ಅದನ್ನು ಕಟ್ಟಿದ ಜನಮನಸ್ಸು ಕೃತಿರಚನೆಯ ಗುಟ್ಟೊಂದನ್ನು ಬಲ್ಲುದಾಗಿತ್ತು. ಒಂದೇ ತಾವು, ಒಂದೇ ಶುದ್ಧಿಯ ವಿಧಿ, ಮಿತಿಯುಳ್ಳ ಒಂದು ಅವಧಿ, ಇವು ಮೂರನ್ನೂ ಒಂದು ಒದ್ದೆಬಟ್ಟೆಯಲ್ಲಿ ಅದು ಗಂಟುಕಟ್ಟಿ ಕೊಟ್ಟಿದೆ. ಕುವೆಂಪು ಅವರಿಗೆ ಕುಪ್ಪಳಿಯ ಕವಿಶೈಲವು ಹೇಗೋ ಹಾಗೆ ಮೈಸೂರಿನಲ್ಲಿ 'ಉದಯರವಿ'ಯ ಮನೆಯೂ ಕುಕ್ಕರಹಳ್ಳಿಯ ಕೆರೆಯ ಏರಿಯೂ ಇದ್ದುವು. ಆ ಏರಿಯಮೇಲಣ ತಿರುಗಾಟದ ಸೂರ್ಯೋದಯ ಸೂರ್ಯಾಸ್ತಗಳು ಅವರ ಕವಿತೆಗಳೊಳಕ್ಕೆ ಬಂದು ನೆಲೆಸಿವೆ. ಇಂಗ್ಲೆಂಡಿನ ಡೌನ್ ಗ್ರಾಮದಲ್ಲಿ 1842ರಿಂದ ನಲವತ್ತು ವರ್ಷ ನೆಲೆಸಿದ್ದ ಡಾರ್ವಿನ್ನನೂ ತೋಟದಂಚಿನಲ್ಲಿ ಮರಳು ಹಾಸಿದ ಹಾದಿಯೊಂದನ್ನು ಮಾಡಿಸಿಕೊಂಡು, ದಿನವೂ ಅಲ್ಲಿ ಸುತ್ತುತ್ತ ಯೋಚಿಸುತ್ತಿದ್ದನು. ಕೂರುವ ತಾವಿನಷ್ಟೇ ನಡೆದಾಡುವ ತಾವೂ ಮುಖ್ಯವೆಂದು ಇದರಿಂದ ತಿಳಿಯಬೇಕು. ಶಿವರಾಮ ಕಾರಂತರ ಮಟ್ಟಿಗೆ ಆ ತಾವು ಇನ್ನೂ ವಿಶಾಲವಾದುದು: ಪುತ್ತೂರಿನ ಬಾಲವನವು ಅವರ ಮನೆ, ದಕ್ಷಿಣ ಕನ್ನಡದ ಹಳ್ಳಿ ಕಾಡು ಕಡಲತೀರಗಳೆಲ್ಲ ಅವರ ಓದುವ ಕೋಣೆ. ಸುತ್ತಾಟವೆಂದು ಹೊರಗಿನವರಿಗೆ ಕಂಡದ್ದು ಅವರಿಗೆ ಸಂಗ್ರಹ. ಅದಿಲ್ಲದೆ 'ಚೋಮನ ದುಡಿ'ಯೂ ಇಲ್ಲ, 'ಬೆಟ್ಟದ ಜೀವ'ವೂ ಇಲ್ಲ, 'ಯಕ್ಷಗಾನ ಬಯಲಾಟ'ವೂ ಇಲ್ಲ.

ಮೂರನೆಯದಾದ ಸಲಕರಣೆಯ ವಿಷಯವನ್ನು ಸಾಮಾನ್ಯವಾಗಿ ಯಾರೂ ಗಂಭೀರವಾಗಿ ಎಣಿಸುವುದಿಲ್ಲ. ಆದರೆ ತಾಳೆಗರಿಯ ಕಟ್ಟೊಂದನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ಮಹತ್ವ ಮನದಟ್ಟಾಗುತ್ತದೆ. ಗರಿಗಳನ್ನು ನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನಯಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರ ಪೋಣಿಸಲು ತೂತುಗಳನ್ನು ಕೊರೆಯಬೇಕು. ಬಳಿಕ ಎಡಗೈಯಲ್ಲಿ ಗರಿಯನ್ನು ಹಿಡಿದು, ಬಲಗೈಯ ಕಂಟದ ಮೊನೆಯಿಂದ ಅದರ ಮೈಯನ್ನು ಸೀಳದಂತೆ ಗೀರುತ್ತ ಹೋಗಬೇಕು. ಗೀರುವಾಗ ಅಕ್ಷರ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಮೇಲೆ ಬಳಿದು ಒರಸಿದಮೇಲೆ ಅದು ಕಪ್ಪಾಗಿ ಮೂಡುತ್ತದೆ. ಒಮ್ಮೆ ಗೀರಿದುದನ್ನು ಅಳಿಸುವುದು ಸಾಧ್ಯವಿಲ್ಲ. ಆದುದರಿಂದಲೇ ಹಲಗೆ ಬಳಪಗಳು ಕವಿಯ ಪರಿಕರದಲ್ಲಿ ಸೇರಿದುದು. ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಟ್ಟೆಗೆ ಬಳಿದು ಮಾಡುತ್ತಿದ್ದ ನಮ್ಮ ಕಡತಗಳಮೇಲೆ ಬಳಪದಿಂದ ಬರೆದು ಅಳಿಸಿ ಬರೆಯುತ್ತಿದ್ದುದೂ ಇದೇ ಕಾರಣಕ್ಕೆ. ಗರಿಗೆ ಏರುವ ಮುನ್ನ ಪದ್ಯವು ಬಾಯಲ್ಲಿ ನಾಲ್ಕಾರು ಸಲ ಹೊರಳಿ, ಹಲಗೆಯಮೇಲೆ ನಾಲ್ಕಾರು ಸಲ ಅಳಿದು, ಪಕ್ವವಾಗಬೇಕಾಗಿತ್ತು. ತಾನು ಹಲಗೆ ಬಳಪಗಳನ್ನು ಹಿಡಿಯಲಿಲ್ಲವೆಂದೂ ಇಟ್ಟ ಪದವನ್ನು ಅಳಿಸಲಿಲ್ಲವೆಂದೂ ಕುಮಾರವ್ಯಾಸನು ಹೆಮ್ಮೆಪಟ್ಟುಕೊಂಡನೆಂದರೆ, ಉಳಿದವರೆಲ್ಲ ಅವನ್ನು ಹಿಡಿಯುತ್ತಿದ್ದರೆಂಬುದು ಅದರಿಂದಲೇ ಸಿದ್ಧವಾಗುತ್ತದೆ. ನಮಗಿಂದು ಕ್ಷಣಾರ್ಧದಲ್ಲಿ ಅಳಿಸಿ ಬರೆಯುವ ಯಂತ್ರಗಳಿವೆ. ಅವುಗಳ ಉಪಕಾರ ದೊಡ್ಡದು. ಆದರೆ ಬರೆಯುವ ಹಲಗೆಯೇ ಸಂತೆಯ ಬಾಗಿಲೂ ಆಗಿ, ಸಾಲು ಸಾಲಿಗೊಮ್ಮೆ ಸುದ್ದಿಯೂ ಕರೆಯೂ ಅದರಲ್ಲೇ ಬಂದು ಇಣುಕುವಾಗ, ಆ ಬಾಗಿಲನ್ನು ಬರೆಯುವಷ್ಟು ಹೊತ್ತಾದರೂ ಮುಚ್ಚಿಡುವುದು ಈ ಕಾಲದ ಕವಿಚರ್ಯೆಯ ಮೊದಲ ವಿಧಿಯಾಗಬೇಕಾಗಿದೆ.

ನಾಲ್ಕನೆಯದು ಸಂಗ, ಕನ್ನಡದ ಅನುಭವವು ಅತ್ಯಂತ ಶ್ರೀಮಂತವಾಗಿರುವುದು ಈ ಭಾಗದಲ್ಲಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಸುವವನೂ, ಬಟ್ಟೆ ಒಗೆಯುವವನೂ, ಹಗ್ಗ ಹೊಸೆಯುವವನೂ, ಅಕ್ಕಿ ಆಯುವವಳೂ ತಂತಮ್ಮ ಕಾಯಕದ ನುಡಿಯಲ್ಲೇ ವಚನಗಳನ್ನು ಹೇಳಿದರೆಂದರೆ, ಹೇಳಿದುದನ್ನು ಆದರದಿಂದಲೂ ನಿಷ್ಠುರವಾಗಿಯೂ ಕೇಳುವ ಶರಣರ ಕೂಟವೊಂದು ಅಲ್ಲಿದ್ದುದೇ ಕಾರಣ. 1922ರಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಮೊಳೆತ ಗೆಳೆಯರ ಗುಂಪು ಶಂ.ಬಾ.ಜೋಶಿ, ವಿ.ಕೃ.ಗೋಕಾಕ, ರಂ.ಶ್ರೀ.ಮುಗಳಿ, ಆನಂದಕಂದ ಮೊದಲಾದವರನ್ನು ಬೆಳೆಸಿತು. ಅವರು ಅಲ್ಲಿ ಒಬ್ಬರ ಕವಿತೆಯನ್ನು ಒಬ್ಬರು ಕೇಳಿ ಬೆಳೆದರು. ಜಿ.ಬಿ.ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟವು ಇನ್ನೊಂದು ತಲೆಮಾರಿಗೆ ಅದೇ ಉಪಕಾರವನ್ನು ಮಾಡಿತು. ಅಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರ ಕಣ್ಣಿಗೆ ಬಿದ್ದು, 1961ರಲ್ಲಿ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' ಅಚ್ಚಾಯಿತು. ಬೆಂಗಳೂರಿನಲ್ಲಿ ಡಿ.ವಿ.ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಂಸ್ಥೆಯ ಅಧ್ಯಯನಗೋಷ್ಠಿಗಳು, ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಮೊದಲಾಗಿ ಕೆ.ವಿ.ಸುಬ್ಬಣ್ಣನವರ ಕೈಯಲ್ಲಿ ಬೆಳೆದ ನಾಟಕ ಸಂಘವಾದ ನೀನಾಸಮ್, ಇವುಗಳದೂ ಇದೇ ಮಾರ್ಗ. ಹೆಗ್ಗೋಡಿನ ನಿದರ್ಶನ ಒಂದು ವಿಶೇಷವನ್ನು ಕಲಿಸುತ್ತದೆ. ಅಡಕೆ ತೋಟಗಳ ನಡುವಣ ಹಳ್ಳಿಯೊಂದು ರಂಗಮಂದಿರವನ್ನೂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ, 1985ರಲ್ಲಿ 'ತಿರುಗಾಟ'ವೆಂಬ ಸಂಚಾರಿ ನಾಟಕತಂಡವನ್ನೂ ಕಟ್ಟಿಕೊಂಡಿತಾದರೆ, ಅನುಕೂಲವಾದ ಆವರಣವು ಪಟ್ಟಣದ ಸ್ವತ್ತೆಂಬ ಭಾವನೆ ನಿಲ್ಲಲಾರದು.

ಸಂಗದಲ್ಲಿ ಅಪಾಯವೂ ಉಂಟು. ಅರೆಮುಗಿದ ಕೃತಿಯನ್ನು ಓದಿಹೇಳಬಾರದೆಂದು ರಾಜಶೇಖರನು ಎಚ್ಚರಿಸುತ್ತಾನೆ. ಅಕಾಲದಲ್ಲಿ ಬಂದ ಹೊಗಳಿಕೆಯೂ ತೆಗಳಿಕೆಯೂ ಮೊಳಕೆಯನ್ನು ಸಮನಾಗಿ ಸುಡುತ್ತವೆ. ಹೊಗಳುವವರ ವರ್ತುಲವೊಂದನ್ನೇ ಕಟ್ಟಿಕೊಂಡ ಕಲಾವಿದನಿಗೆ ನಾಲ್ಕನೆಯ ಜಾವದ ಪರೀಕ್ಷೆ ತಪ್ಪಿಹೋಗುತ್ತದೆ. ತಪ್ಪಿದಮೇಲೆ ಅವನ ಇಳಿತವನ್ನು ಅವನಿಗೆ ತಿಳಿಸುವವರೇ ಇರುವುದಿಲ್ಲ.

ಇಷ್ಟು ಹೇಳಿದಮೇಲೂ, ಆವರಣದ ಅತ್ಯಂತ ಹತ್ತಿರದ ವಲಯವಾದ ಮನೆಯ ವಿಷಯ ಉಳಿಯುತ್ತದೆ. ನಮ್ಮ ಚರಿತ್ರೆಗಳು ಗುಂಪುಗಳ ಹೆಸರನ್ನು ಬರೆದಿಟ್ಟಿವೆ, ಮನೆಯವರ ಹೆಸರನ್ನು ಬರೆದಿಟ್ಟಿರುವುದು ಕಡಮೆ. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತ ಗಾಯಕಿ. ಮಗಳು ಹಿಂದೂಸ್ತಾನಿ ಪದ್ಧತಿಯನ್ನು ಕಲಿಯತೊಡಗಿದಾಗ, ತನ್ನ ಹಾಡಿನ ಛಾಯೆ ಮಗಳ ಕಂಠಕ್ಕೆ ತಗುಲಿ ಅವಳ ವಿದ್ಯೆ ಕಲಬೆರಕೆಯಾಗಬಾರದೆಂದು, ಆ ತಾಯಿ ತಾನು ಹಾಡುವುದನ್ನೇ ನಿಲ್ಲಿಸಿದರು. ಮುಂದೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿಯುತ್ತಿದ್ದರು. ಗುರುಗಳು ಒಂದೇ ಪಲಟವನ್ನು, ಎಂದರೆ ಸ್ವರಾಭ್ಯಾಸದ ಒಂದೇ ಸರಣಿಯನ್ನು, ಹಿಡಿಸಿ, ಅದು ಪೂರ್ಣವಾಗಿ ಗಂಟಲಿಗೆ ಇಳಿಯುವವರೆಗೆ ಮತ್ತೊಂದನ್ನು ಕೊಡುತ್ತಿರಲಿಲ್ಲ. ಕಲಿತುದನ್ನು ಹೊತ್ತು ಮತ್ತೆ ರೈಲು, ಮತ್ತೆ ಮನೆ, ಮತ್ತೆ ಅದೇ ಪಲಟ. ಆ ಗಂಭೀರ ಕಂಠದಿಂದ ಭೈರವವನ್ನು ಕೇಳಿ ತಲೆದೂಗಿದ ಲಕ್ಷಾಂತರ ಜನರಲ್ಲಿ, ಅದರ ತಳಹದಿಯಲ್ಲಿ ಒಬ್ಬ ತಾಯಿ ತಾನಾಗಿ ಇಟ್ಟ ಮೌನವಿತ್ತೆಂದು ನೆನೆದವರೆಷ್ಟು ಮಂದಿ?

ಮನೆಯ ಮಾತು ಬಂದಮೇಲೆ ಹೆಂಗಸರ ವಿಚಾರವನ್ನು ಬಿಡುವಂತಿಲ್ಲ. ಸಂಸ್ಕಾರವು ಆತ್ಮಕ್ಕೆ ಸೇರಿದ್ದು, ಗಂಡು ಹೆಣ್ಣೆಂಬ ಭೇದ ಅದಕ್ಕಿಲ್ಲ. ಆದಕಾರಣ ಸ್ತ್ರೀಯರೂ ಕವಿಗಳಾಗುವರೆಂದು ರಾಜಶೇಖರನೇ ಸಾರಿದ್ದಾನೆ. ಆದರೆ ಅವನ ದಿನಚರಿಯಲ್ಲಿ ಮಧ್ಯಾಹ್ನದ ಅಡಿಗೆ ಮಾಡಿದವರಾರೆಂಬುದು ಬರುವುದಿಲ್ಲ. ವರ್ಜೀನಿಯಾ ವುಲ್ಫ್ 1929ರಲ್ಲಿ, ಬರೆಯುವ ಹೆಣ್ಣಿಗೆ ತನ್ನದೆಂಬ ಒಂದು ಕೋಣೆಯೂ ವರ್ಷಕ್ಕೆ ಐನೂರು ಪೌಂಡಿನ ವರಮಾನವೂ ಬೇಕೆಂದಳು. ನಮ್ಮಲ್ಲಿ ನಂಜನಗೂಡು ತಿರುಮಲಾಂಬಾ ಅವರು ಎಳೆಯ ವಯಸ್ಸಿನಲ್ಲೇ ವೈಧವ್ಯಕ್ಕೆ ತುತ್ತಾಗಿಯೂ, 'ಸತೀಹಿತೈಷಿಣೀ' ಗ್ರಂಥಮಾಲೆಯನ್ನೂ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿದರೆಂದರೆ, ತಂದೆಯವರು ಮನೆಯಲ್ಲಿ ವಿದ್ಯೆಗೆ ಎಡೆಕೊಟ್ಟುದೇ ಅದರ ಮೂಲ. ತ್ರಿವೇಣಿಯವರು ಹತ್ತು ವರ್ಷಗಳ ಅವಧಿಯಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದು 1963ರಲ್ಲಿ ತೀರಿಕೊಂಡರು. ಅದೇ ವರ್ಷ, ಹನ್ನೆರಡನೆಯ ವಯಸ್ಸಿಗೇ ಮದುವೆಯಾಗಿದ್ದ ಎಂ.ಕೆ.ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಹೊರಬಂದಿತು. ಆಗ ಅವರಿಗೆ ನಲವತ್ತಾರು. 'ಫಣಿಯಮ್ಮ' ಬಂದುದು 1976ರಲ್ಲಿ. ಅವರಲ್ಲಿದ್ದ ಕಥನಶಕ್ತಿ ನಲವತ್ತಾರರಲ್ಲಿ ಹುಟ್ಟಿದುದಲ್ಲವಷ್ಟೆ. ಅದಕ್ಕೆ ಅವಕಾಶ ಅಷ್ಟು ತಡವಾಗಿ ದೊರೆಯಿತು. ಅವಕಾಶವೇ ದೊರೆಯದೆ ಹೋದವರ ಕೃತಿಗಳನ್ನು ಯಾವ ಗ್ರಂಥಸೂಚಿಯೂ ನಮಗೆ ತೋರಿಸಲಾರದು. ಹೀಗಾಗಿ, ಅಭ್ಯಾಸವನ್ನು ಬೆಳೆಸಿಕೊಳ್ಳಿರೆಂದು ವ್ಯಕ್ತಿಗೆ ಮಾತ್ರ ಉಪದೇಶಿಸಿ ಆವರಣದ ಹೊಣೆಯನ್ನು ಮರೆಯುವ ಬೋಧಕರೊಡನೆ ನನಗೆ ಸಹಮತವಿಲ್ಲ.

ಇನ್ನು ಆಕ್ಷೇಪವೊಂದನ್ನು ಪರಿಹರಿಸಬೇಕು. ನಿಯತವಾದ ಹೊತ್ತಿನಲ್ಲಿ ನಿಯತವಾಗಿ ಕುಳಿತು ಮಾಡುವ ಕೆಲಸವು ಯಾಂತ್ರಿಕವಾಗುವುದಿಲ್ಲವೆ? ಕೈ ಪಳಗಿದಷ್ಟೂ ಕಣ್ಣು ಮಂಕಾಗುವುದಿಲ್ಲವೆ? ಆಗುವುದುಂಟು. ತಮ್ಮ ಹಳೆಯ ಯಶಸ್ಸನ್ನೇ ಅಚ್ಚಾಗಿಟ್ಟುಕೊಂಡು ಮತ್ತೆ ಮತ್ತೆ ಬೆಲ್ಲ ಹೊಯ್ಯುವ ಲೇಖಕರನ್ನು ಪ್ರತಿ ಭಾಷೆಯೂ ಕಂಡಿದೆ. ಆದರೆ ಅಲ್ಲಿ ಕೆಟ್ಟಿರುವುದು ಕುಳಿತುಕೊಳ್ಳುವ ಅಭ್ಯಾಸವಲ್ಲ, ಶೈಲಿಯ ಅಭ್ಯಾಸ. ಈ ಎರಡನ್ನೂ ಬೇರ್ಪಡಿಸಿಕೊಂಡವರ ಶ್ರೇಷ್ಠ ನಿದರ್ಶನ ಗೋಪಾಲಕೃಷ್ಣ ಅಡಿಗರದು. 1946ರ 'ಭಾವತರಂಗ'ದ ಇಂಪಾದ ಮಾರ್ಗದಲ್ಲೇ ನಡೆದಿದ್ದರೆ ಅವರಿಗೆ ಮನ್ನಣೆಗೆ ಕೊರತೆಯಿರಲಿಲ್ಲ; ಆದರೂ 1954ರ 'ಚಂಡೆಮದ್ದಳೆ'ಯಲ್ಲಿ ಆ ನುಡಿಯನ್ನೇ ಮುರಿದು ಹೊಸದೊಂದನ್ನು ಕಟ್ಟಿದರು. ಕಾಲಸ್ಥಳಗಳಲ್ಲಿ ನಿಯಮ, ಕೃತಿಯೊಳಗೆ ಸಾಹಸ: ಈ ವಿಭಜನೆಯನ್ನು ಪಾಲಿಸಿದರೆ ಆಕ್ಷೇಪವು ತಾನಾಗಿ ಕರಗುತ್ತದೆ. ದಿನಚರಿಯ ಸಣ್ಣಪುಟ್ಟ ನಿರ್ಧಾರಗಳಲ್ಲಿ ಮನಸ್ಸು ದಣಿಯದೆ ಉಳಿದಾಗಲೇ ಅದು ಕೃತಿಯೊಳಗಣ ದೊಡ್ಡ ನಿರ್ಧಾರಗಳಿಗೆ ಹೆದರದೆ ನಿಲ್ಲಬಲ್ಲುದು.

ಈಗ ಎಂಟನೆಯ ತಾಯಿಯ ಬಳಿಗೆ ಬರೋಣ. ಅಭ್ಯಾಸವೂ ಆವರಣವೂ ಪ್ರತಿಭೆಯನ್ನು ಹುಟ್ಟಿಸುತ್ತವೆಯೆಂದು ನಾನು ಹೇಳಲಾರೆ. ಈ ಸಮೀಕ್ಷೆಯಲ್ಲಿ ಕಂಡ ಯಾವ ಬಾಳೂ ಅದನ್ನು ಸಾಕ್ಷಿನುಡಿಯುವುದಿಲ್ಲ. ಸ್ಫೂರ್ತಿ ತುಂಬಿ ಬಂದ ದಿನ ಕವಿಗೆ ಕೋಣೆಯೂ ಬೇಡ, ಗಡಿಯಾರವೂ ಬೇಡ. ಸಂತೆಯ ನಡುವೆ ನಿಂತೂ ಅವನು ಹಾಡಿಯಾನು. ಅಂಥ ದಿನಗಳು ವರ್ಷಕ್ಕೆ ಎಷ್ಟು? ಉಳಿದ ದಿನಗಳಲ್ಲಿ ಪದ ಕೂಡುವುದಿಲ್ಲ, ಸ್ವರ ನಿಲ್ಲುವುದಿಲ್ಲ, ನಿನ್ನೆ ಬರೆದುದು ಇಂದು ಸಪ್ಪೆಯಾಗಿ ತೋರುತ್ತದೆ. ಆ ದಿನಗಳಲ್ಲಿ ಮನುಷ್ಯನನ್ನು ಆವರಿಸುವ ನಿರ್ವೇದವೇ ಕೃತಿಕಾರನ ನಿಜವಾದ ಶತ್ರು. ಮಾಡಬೇಕೋ ಬೇಡವೋ ಎಂದು ಅಂದು ಅವನನ್ನು ಕೇಳಿದರೆ ಬೇಡವೆಂದೇ ಅನ್ನುತ್ತಾನೆ. ಅಭ್ಯಾಸದ ಉಪಕಾರವೆಂದರೆ, ಅದು ಅವನನ್ನು ಆ ಪ್ರಶ್ನೆ ಕೇಳುವುದೇ ಇಲ್ಲ. ಹೊತ್ತಾಯಿತು, ಕೂತನು. ತಾವು ಅವನನ್ನು ಗುರುತಿಸಿತು, ಸಲಕರಣೆ ಕೈಗೆ ಬಂತು, ಸಂಜೆ ಕೇಳುವವರು ಬರುವರೆಂಬ ನೆನಪು ಬೆನ್ನಿಗೆ ನಿಂತಿತು; ನಾಲ್ಕು ಸಾಲು ಕೆಟ್ಟದಾಗಿ ಬಂದರೂ ತಿದ್ದುವುದಕ್ಕೆ ನಾಲ್ಕನೆಯ ಜಾವ ಇದ್ದೇ ಇದೆ. ಕೆಟ್ಟ ದಿನಗಳನ್ನು ಹೀಗೆ ದಾಟಿಸುವುದರಿಂದಲೇ ಅಭ್ಯಾಸಾವರಣಗಳು ಒಂದು ಜೀವಮಾನದ ಕೃತಿಶ್ರೇಣಿಯನ್ನು ಸಮಮಟ್ಟದಲ್ಲಿ ಹಿಡಿದುನಿಲ್ಲಿಸುತ್ತವೆ. ಅವು ಅನಿರ್ವೇದದ ಮನೆ.

ಆ ಮನೆಯನ್ನು ಒಬ್ಬನೇ ಕಟ್ಟಲಾರನೆಂಬುದನ್ನೂ ನಾವು ಕಂಡೆವು. ಓದುಗರೇ, ನಿಮ್ಮಲ್ಲಿ ಬರೆಯುವವರು, ಹಾಡುವವರು, ಚಿತ್ರಿಸುವವರು ಇದ್ದರೆ, ದಿನದಲ್ಲಿ ಒಂದು ಹೊತ್ತನ್ನೂ ಮನೆಯಲ್ಲಿ ಒಂದು ಮೂಲೆಯನ್ನೂ ಇಂದೇ ಗೊತ್ತುಮಾಡಿಕೊಳ್ಳಿ. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಕುಳಿತುಕೊಳ್ಳಿ. ನೀವು ಅಂಥವರಲ್ಲವಾದರೂ, ನಿಮ್ಮ ಮನೆಯಲ್ಲಿ ಅಡಿಗೆಯ ನಡುವೆ ಕತೆಯೊಂದನ್ನು ಮನಸ್ಸಿನಲ್ಲಿ ಹೊತ್ತು ತಿರುಗುತ್ತಿರುವ ಸೊಸೆಯೋ, ಪರೀಕ್ಷೆಯ ಪುಸ್ತಕದ ಅಂಚಿನಲ್ಲಿ ಚಿತ್ರ ಬರೆಯುವ ಮಗನೋ ಇದ್ದಾರೆಯೇ ಎಂದು ಒಮ್ಮೆ ನೋಡಿ. ಅವರಿಗೆ ದಿನಕ್ಕೊಂದು ಗಂಟೆಯನ್ನು ಬಿಡಿಸಿಕೊಡಿ. ಆ ಗಂಟೆಯಲ್ಲಿ ಕರೆಯಬೇಡಿ. ಅಂಬಾಬಾಯಿಯವರು ಮಗಳಿಗಾಗಿ ತಮ್ಮ ಹಾಡನ್ನೇ ನಿಲ್ಲಿಸಿದರು. ನಾನು ನಿಮ್ಮಲ್ಲಿ ಬೇಡುತ್ತಿರುವುದು ಒಂದು ಗಂಟೆಯ ಮೌನ ಮಾತ್ರ.